ಮೂತ್ರ ಚೆನ್ನಾಗಿ ಹೋಗುತ್ತಿದೆ, ಆದರೂ ಕಿಡ್ನಿ ದುರ್ಬಲ ಎನ್ನುತ್ತಾರಲ್ಲ?

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ, ನಿವೃತ್ತ ಮೇಷ್ಟ್ರು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆ. ಬಿಪಿಗೆ ಟೆಲ್ಮಿಸಾರ್ಟನ್-ಎಚ್, ಅಮ್ಲೋಡಿಪಿನ್, ಸಕ್ಕರೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಮಂಡಿನೋವು ಹೆಚ್ಚಾದಾಗ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಾರೆ. ಮೂರು ತಿಂಗಳ ಹಿಂದೆ ಕ್ರಿಯಾಟಿನಿನ್ 1.6 ಬಂತು. ನೀರು ಕುಡಿದಷ್ಟೂ ಕಿಡ್ನಿ ತೊಳೆದು ಶುದ್ಧವಾಗುತ್ತದೆ ಎಂದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ನಂಬಿ, ಅಂದಿನಿಂದ ದಿನಕ್ಕೆ ಐದು ಲೀಟರ್ ನೀರು ಕುಡಿಯುತ್ತಿದ್ದಾರೆ. ಜೊತೆಗೆ ಬಾಳೆದಿಂಡಿನ ರಸ, ಬಾರ್ಲಿ ನೀರು, ಲಾಲ್‌ಬಾಗ್ ವಾಕಿಂಗ್ ಮುಗಿಸಿ ಬರುವಾಗ ಒಂದು ಎಳನೀರು. ಕಳೆದ ವಾರ ಸುಸ್ತು, ವಾಕರಿಕೆ, ನಡೆಯುವಾಗ ತೂರಾಟ ಕಾಣಿಸಿತು. ಪರೀಕ್ಷೆಯಲ್ಲಿ ಸೋಡಿಯಂ 127 ಇತ್ತು. ಡಾಕ್ಟರು ನೀರನ್ನು ಒಂದೂವರೆ ಲೀಟರ್‌ಗೆ ಇಳಿಸಿ, ಬಿಪಿ ಮಾತ್ರೆ ಬದಲಿಸೋಣ ಎಂದಿದ್ದಾರೆ. ಮಾವನವರು ಒಪ್ಪುತ್ತಿಲ್ಲ. "ಮೂತ್ರ ಧಾರಾಳವಾಗಿ ಹೋಗುತ್ತಿದೆ, ರಾತ್ರಿ ನಾಲ್ಕು ಸಲ ಏಳುತ್ತೇನೆ, ಕಿಡ್ನಿಗೆ ಏನಾಗಿದೆ?" ಎನ್ನುತ್ತಾರೆ. ಸೋಡಿಯಂ ಕಡಿಮೆ ಎಂದು ಅತ್ತೆಯವರು ಊಟಕ್ಕೆ ಹೆಚ್ಚು ಉಪ್ಪು ಹಾಕುತ್ತಿದ್ದಾರೆ. ಈಗ ಪಾದಗಳು ಊದಿಕೊಂಡಿವೆ. ನಮ್ಮ ಮನೆಯ ಬೋರ್‌ವೆಲ್ ನೀರಿನಿಂದ ಹೀಗಾಯಿತೇ? ಯಾರ ಮಾತು ಕೇಳಬೇಕು? ಮುಂದಿನ ತಿಂಗಳು ಕಾಶಿಗೆ ರೈಲು ಟಿಕೆಟ್ ಆಗಿದೆ. ಹೋಗಬಹುದೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ರಕ್ತದಲ್ಲಿ ಸೋಡಿಯಂ 135ರಿಂದ 145ರ ನಡುವೆ ಇರಬೇಕು. 127ಕ್ಕೆ ಇಳಿದು, ಜೊತೆಗೆ ವಾಕರಿಕೆ ಮತ್ತು ತೂರಾಟವೂ ಇದೆ ಎಂದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯುವಂತಿಲ್ಲ. ಒಂದೆರಡು ದಿನಗಳೊಳಗೆ ಸೋಡಿಯಂ ಮತ್ತು ಪೊಟ್ಯಾಸಿಯಂ ಮತ್ತೊಮ್ಮೆ ನೋಡಿಸಿ. ಈ ನಡುವೆ ಅವರು ಮಾತಿನಲ್ಲಿ ತಡವರಿಸಿದರೆ, ಯಾವ ದಿನ ಎಂಬುದು ತಿಳಿಯದೆ ಗೊಂದಲಪಟ್ಟರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಮತ್ತೆ ಮತ್ತೆ ವಾಂತಿಯಾದರೆ ಅಥವಾ ಫಿಟ್ಸ್ ಬಂದರೆ, ಹೊತ್ತು ಗೊತ್ತು ನೋಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಸೋಡಿಯಂ ಇಳಿದಾಗ ನೀರು ಮಿದುಳಿನ ಜೀವಕೋಶಗಳ ಒಳಗೆ ನುಗ್ಗುತ್ತದೆ, ಅವು ಉಬ್ಬುತ್ತವೆ. ಉಬ್ಬಿದ ಮಿದುಳಿಗೆ ತಲೆಬುರುಡೆಯೊಳಗೆ ಜಾಗವಿಲ್ಲ.

ನಿಮ್ಮ ಡಾಕ್ಟರು ಹೇಳಿದ ಎರಡೂ ಮಾತು ಸರಿಯಾಗಿವೆ. ಆದರೆ ಮಾವನವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಮೂತ್ರ ಇಷ್ಟೊಂದು ಹೋಗುತ್ತಿರುವಾಗ ಕಿಡ್ನಿ ಹೇಗೆ ದುರ್ಬಲ ಎಂದು ನಮ್ಮ ಹೊರರೋಗಿ ವಿಭಾಗದಲ್ಲಿ ಓದಿದವರೂ ಕೇಳುತ್ತಾರೆ, ಓದದವರೂ ಕೇಳುತ್ತಾರೆ. ಅದಕ್ಕೆ ಸಮಾಧಾನವಾಗಿ ಉತ್ತರ ಸಿಗದಿದ್ದರೆ ಅವರು ನೀರಿನ ಬಾಟಲಿಯನ್ನು ಕೆಳಗಿಡುವುದಿಲ್ಲ. ಆದ್ದರಿಂದ ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ. ಸಾಧ್ಯವಾದರೆ ಇದನ್ನು ಅವರ ಕೈಗೇ ಕೊಡಿ.

ಮುಷ್ಟಿಯಷ್ಟು ಗಾತ್ರದ ಎರಡು ಕಿಡ್ನಿಗಳಿಗೆ, ಹೃದಯ ಒತ್ತುವ ರಕ್ತದ ಐದನೇ ಒಂದು ಭಾಗ ಹರಿಯುತ್ತದೆ. ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಸಣ್ಣ ಉಂಡೆ, ಅದರ ಹಿಂದೆ ಉದ್ದದ ಕೊಳವೆ. ರಕ್ತ ಆ ಉಂಡೆಯನ್ನು ಹಾದುಹೋಗುವಾಗ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಕೊಳವೆಗೆ ಸೋಸಿ ಬರುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನ್‌ಗಳೂ ರಕ್ತದಲ್ಲೇ ಉಳಿಯುತ್ತವೆ. ಆರೋಗ್ಯವಂತ ಯುವಕನಲ್ಲಿ ಹೀಗೆ ಸೋಸುವ ದ್ರವ ದಿನಕ್ಕೆ 180 ಲೀಟರ್! ಮೈಯಲ್ಲಿರುವ ರಕ್ತದ್ರವವೇ ಸುಮಾರು 3 ಲೀಟರ್. ಹಾಗಾಗಿ ಅದಷ್ಟೂ ದಿನಕ್ಕೆ 60 ಸಲ ಸೋಸಿಹೋದಂತಾಯಿತು. ಆದರೆ ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರ್ ಮಾತ್ರ. ಉಳಿದದ್ದೆಲ್ಲವನ್ನೂ ಕೊಳವೆಗಳು ರಕ್ತಕ್ಕೆ ಮರಳಿಸುತ್ತವೆ. ಹಬ್ಬಕ್ಕೆ ಮನೆ ಶುಚಿ ಮಾಡುವಾಗ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದದ್ದನ್ನು ಒಂದೊಂದಾಗಿ ಒಳಗೆ ತಂದು, ಬೇಡದ್ದನ್ನು ಹೊರಗೇ ಬಿಡುವ ಕ್ರಮ ಇದು.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ಗಮನಿಸಿ. ಸೋಸುವುದು ಒಂದು, ಎಷ್ಟು ನೀರನ್ನು ಮರಳಿ ಪಡೆಯಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ, ಅದರ ಪರೀಕ್ಷೆ ಮೊದಲನೆಯದನ್ನು ಅಳೆಯುತ್ತದೆ. ಮೂತ್ರದ ಪ್ರಮಾಣ ಎರಡನೆಯದರ ಫಲ. ಮಾವನವರ ವಯಸ್ಸು ಮತ್ತು 1.6 ಕ್ರಿಯಾಟಿನಿನ್ ಇಟ್ಟುಕೊಂಡು ಲೆಕ್ಕ ಹಾಕಿದರೆ, ಅವರ ಸೋಸುವ ವೇಗ ನಿಮಿಷಕ್ಕೆ ಸುಮಾರು 46 ಮಿಲಿಲೀಟರ್ ಬರುತ್ತದೆ. ಯೌವನದಲ್ಲಿ ಅದು 120ರ ಆಸುಪಾಸಿನಲ್ಲಿ ಇರುತ್ತದೆ. 46 ಕೂಡ ದಿನಕ್ಕೆ 66 ಲೀಟರ್ ಆಯಿತು! ಅದರಲ್ಲಿ ನಾಲ್ಕು ಲೀಟರ್ ಮೂತ್ರವಾಗಿ ಹೊರಹೋಗುವುದು ಏನೂ ಕಷ್ಟವಲ್ಲ. ಆದ್ದರಿಂದ ಮೂತ್ರ ಧಾರಾಳವಾಗಿರುವುದು ಅವರು ಎಷ್ಟು ನೀರು ಕುಡಿದರು ಎಂಬುದನ್ನು ಹೇಳುತ್ತದೆ, ರಕ್ತ ಎಷ್ಟು ಶುದ್ಧವಾಯಿತು ಎಂಬುದನ್ನು ಹೇಳುವುದಿಲ್ಲ.

ರಾತ್ರಿ ನಾಲ್ಕು ಸಲ ಏಳುವುದನ್ನು ಅವರು ಕಿಡ್ನಿಯ ಬಲ ಎಂದುಕೊಂಡಿದ್ದಾರೆ. ಅದು ಬಲಹೀನತೆಯ ಕುರುಹೂ ಆಗಿರಬಹುದು. ಹೇಗೆ ನೋಡಿ. ನಾವು ತಿಂದ ಊಟದಿಂದ ಹುಟ್ಟುವ ಯೂರಿಯಾ, ಉಪ್ಪು ಮುಂತಾದವುಗಳು ದಿನವೂ ಹೊರಹೋಗಲೇಬೇಕು. ಕರಗಿದ ಕಣಗಳನ್ನು ಎಣಿಸುವ ವೈದ್ಯರ ಅಳತೆಯಲ್ಲಿ ಅದು ಸುಮಾರು 600 ಮಿಲಿಆಸ್ಮೋಲ್. ಚೆನ್ನಾಗಿರುವ ಕಿಡ್ನಿ ಒಂದು ಲೀಟರ್ ಮೂತ್ರದಲ್ಲಿ 1200ರವರೆಗೆ ಗಟ್ಟಿಯಾಗಿ ತುಂಬಬಲ್ಲದು. ಅಂದರೆ ಅರ್ಧ ಲೀಟರ್ ಮೂತ್ರದಲ್ಲೇ ದಿನದ ಕಸ ಮುಗಿಯಿತು. ಅದಕ್ಕೇ ಆರೋಗ್ಯವಂತರು ರಾತ್ರಿಯಿಡೀ ಏಳದೆ ಮಲಗುತ್ತಾರೆ. ಕಿಡ್ನಿ ಸವೆದಂತೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಬೇಗನೆ ಕುಂದುತ್ತದೆ. ಲೀಟರ್‌ಗೆ 300 ಮಾತ್ರ ತುಂಬಲು ಸಾಧ್ಯವಾದರೆ ಅದೇ 600ನ್ನು ಹೊರಹಾಕಲು 2 ಲೀಟರ್ ಮೂತ್ರ ಬೇಕು. ಹಗಲು ರಾತ್ರಿ ಎನ್ನದೆ ಹೋಗುತ್ತಲೇ ಇರುತ್ತದೆ. ಆದರೆ ಒಂದು ಎಚ್ಚರಿಕೆ: ಐದು ಲೀಟರ್ ಕುಡಿಯುವವರ ಮೂತ್ರ ಹೇಗಿದ್ದರೂ ತೆಳುವಾಗಿರುತ್ತದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ಏರಿದ ಸಕ್ಕರೆ ಕೂಡ ರಾತ್ರಿ ಎಬ್ಬಿಸುತ್ತವೆ. ನೀರು ಇಳಿಸಿದ ಮೇಲೂ ಅವರು ಎಷ್ಟು ಸಲ ಏಳುತ್ತಾರೆ ಎಂಬುದನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಈಗ ಸೋಡಿಯಂ ಏಕೆ ಇಳಿಯಿತು ಎಂಬುದಕ್ಕೆ ಬರೋಣ. ನೀರಿನ ಲೆಕ್ಕ ನೋಡುವ ಜಾಗ ಮಿದುಳಿನ ಹೈಪೊಥಲಾಮಸ್. ರಕ್ತ ಶೇಕಡಾ 1ರಷ್ಟು ಗಟ್ಟಿಯಾದರೂ ಸಾಕು, ಅಲ್ಲಿ ತಯಾರಾದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನ್ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಇಳಿಯುತ್ತದೆ. ಅದು ಕಿಡ್ನಿಯ ಕೊಳವೆಗಳ ಕೊನೆಯ ಭಾಗದಲ್ಲಿ ನೀರಿನ ಸೂಕ್ಷ್ಮ ದ್ವಾರಗಳನ್ನು ತೆರೆಸುತ್ತದೆ. ಈ ದ್ವಾರಗಳ ಹೆಸರು ಅಕ್ವಾಪೊರಿನ್. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದ್ವಾರ ತೆರೆದರೆ ನೀರು ರಕ್ತಕ್ಕೆ ಮರಳುತ್ತದೆ, ಮೂತ್ರ ಕಡು ಹಳದಿಯಾಗುತ್ತದೆ. ನೀರು ಹೆಚ್ಚಾದಾಗ ಹಾರ್ಮೋನ್ ಇಳಿಯುತ್ತದೆ, ದ್ವಾರ ಮುಚ್ಚುತ್ತದೆ, ಮೂತ್ರ ನೀರಿನಂತೆ ತೆಳುವಾಗುತ್ತದೆ. ಯೌವನದ ಕಿಡ್ನಿ ಮೂತ್ರವನ್ನು ಲೀಟರ್‌ಗೆ 50ರವರೆಗೂ ತೆಳುಗೊಳಿಸಬಲ್ಲದು. ಹಾಗಾದರೆ 600ನ್ನು ಹೊತ್ತು 12 ಲೀಟರ್ ನೀರು ಹೊರಹೋಗಬಲ್ಲದು. ಅದಕ್ಕೇ ಆರೋಗ್ಯವಂತ ಯುವಕ ಐದು ಲೀಟರ್ ಕುಡಿದರೆ ಏನೂ ಆಗುವುದಿಲ್ಲ.

ಮಾವನವರಿಗೆ ಆ ಅವಕಾಶ ಇಲ್ಲ. ವಯಸ್ಸು ಮತ್ತು ಕಿಡ್ನಿಯ ಸವೆತ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅವರ ಮಾತ್ರೆಯ ಹೆಸರಿನ ಕೊನೆಯಲ್ಲಿರುವ ಆ "ಎಚ್". ಅದು ಹೈಡ್ರೊಕ್ಲೋರೊಥಯಜೈಡ್ ಎಂಬ ನೀರಿಳಿಸುವ ಔಷಧ. ಬಿಪಿ ಇಳಿಸಲು ಒಳ್ಳೆಯ ಮಾತ್ರೆಯೇ ಹೌದು. ಆದರೆ ಕೊಳವೆಯಲ್ಲಿ ಮೂತ್ರ ತೆಳುವಾಗುವ ಜಾಗದಲ್ಲೇ ಅದು ಅಡ್ಡ ನಿಲ್ಲುತ್ತದೆ. ಮೂತ್ರ ಲೀಟರ್‌ಗೆ 150ಕ್ಕಿಂತ ತೆಳುವಾಗದು ಎಂದು ಇಟ್ಟುಕೊಳ್ಳಿ. ಆಗ ದಿನಕ್ಕೆ ಹೆಚ್ಚೆಂದರೆ 4 ಲೀಟರ್ ಹೊರಹೋಗುತ್ತದೆ. ಒಳಗೆ ಬರುತ್ತಿರುವುದು ಐದು ಲೀಟರ್ ನೀರು, ಅದರ ಮೇಲೆ ಬಾರ್ಲಿ, ಬಾಳೆದಿಂಡು, ಎಳನೀರು, ಕಾಫಿ. ಉಳಿದ ನೀರು ರಕ್ತವನ್ನು ತೆಳುಗೊಳಿಸಿ ಸೋಡಿಯಂ ಇಳಿಸುತ್ತದೆ. ವಾಕರಿಕೆ ಶುರುವಾದ ಮೇಲೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ವಾಕರಿಕೆಯೇ ವ್ಯಾಸೋಪ್ರೆಸಿನ್ ಅನ್ನು ಏರಿಸುತ್ತದೆ. ಊಟ ಕಡಿಮೆಯಾದಾಗ ನೀರನ್ನು ಹೊತ್ತೊಯ್ಯುವ ಕಸವೂ ಕಡಿಮೆಯಾಗುತ್ತದೆ. ಡೈಕ್ಲೋಫೆನಾಕ್ ಕೂಡ ನೀರನ್ನು ಹಿಡಿದಿಡುವ ಕಡೆಗೇ ತಳ್ಳುತ್ತದೆ.

ನೀರಿನಿಂದ ಕಿಡ್ನಿ ತೊಳೆಯಬಹುದು ಎಂಬ ನಂಬಿಕೆ ಎಲ್ಲಿಂದ ಬಂತೋ, ಅದನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಮಾವನವರಂತೆಯೇ ಮಧ್ಯಮ ಹಂತದ ಕಿಡ್ನಿ ತೊಂದರೆ ಇದ್ದ 631 ಜನರನ್ನು ಕೆನಡಾದ ವೈದ್ಯರು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಹೆಚ್ಚು ನೀರು ಕುಡಿಯುವಂತೆ ಒಂದು ವರ್ಷ ಬೆನ್ನುಹತ್ತಿ ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಏನೆಂದರೆ, ಕಿಡ್ನಿ ಕುಸಿಯುವ ವೇಗದಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. "ದಿನಕ್ಕೆ ಎಂಟು ಲೋಟ" ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ. ಅಮೆರಿಕದ ಆಹಾರ ಮಂಡಳಿಯೊಂದು 1945ರಲ್ಲಿ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದದ್ದು ನಿಜ. ಆದರೆ ಅದರಲ್ಲಿ ಬಹುಪಾಲು ಊಟದಲ್ಲೇ ಸೇರಿರುತ್ತದೆ ಎಂದೂ ಅದೇ ಹೇಳಿತ್ತು. ಆ ವಾಕ್ಯ ಯಾರಿಗೂ ನೆನಪಿಲ್ಲ. ಅನ್ನ, ಸಾರು, ಮಜ್ಜಿಗೆ, ಮುದ್ದೆ ಉಣ್ಣುವ ನಮ್ಮ ಊಟದಲ್ಲಂತೂ ನೀರು ಸಾಕಷ್ಟಿದೆ.

ಕಿಡ್ನಿಯಲ್ಲಿ ಕಲ್ಲು ಇರುವವರ ವಿಷಯ ಬೇರೆ. ಅವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಿರಿ ಎಂದು ನಾವೇ ಹೇಳುತ್ತೇವೆ. ಅದು ಅವರಿಗೆ ಔಷಧವೇ. ಪಕ್ಕದ ಮನೆಯವರಿಗೆ ಕಲ್ಲಿಗೆ ಕೊಟ್ಟ ಸಲಹೆ ನಿಮ್ಮ ಮನೆಯ ಸಕ್ಕರೆ ಕಾಯಿಲೆಯ ಕಿಡ್ನಿಗೆ ಬಂದು ಸೇರಿದೆ ಎಂದು ನನಗೆ ಅನಿಸುತ್ತದೆ. ಬಾಳೆದಿಂಡಿನ ರಸವೂ ಹಾಗೆಯೇ ಬಂದದ್ದು. ಬಾಳೆದಿಂಡಿನ ಪಲ್ಯವನ್ನು ಯಾವಾಗಲಾದರೂ ತಿನ್ನಲಿ, ನನ್ನ ತಕರಾರಿಲ್ಲ. ಆದರೆ ದಿನವೂ ರಸ, ಅದರ ಜೊತೆ ಎಳನೀರು ಎಂದರೆ ನನಗೆ ಭಯವಾಗುತ್ತದೆ. ಎರಡರಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ, ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ, ಸವೆದ ಕಿಡ್ನಿ ಅದನ್ನು ಸರಾಗವಾಗಿ ಹೊರಹಾಕಲಾರದು. ಪೊಟ್ಯಾಸಿಯಂ ಮಿತಿಮೀರಿದರೆ ಮುನ್ಸೂಚನೆಯಿಲ್ಲದೆ ಹೃದಯದ ಬಡಿತ ತಪ್ಪುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಎರಡನ್ನೂ ನಿಲ್ಲಿಸಿ. ಬೋರ್‌ವೆಲ್ ನೀರಿನ ಗಡಸುತನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನದು. ಅದರಿಂದ ಈ ತೊಂದರೆ ಬಂದಿಲ್ಲ, ಆ ಚಿಂತೆ ಬಿಡಿ.

ಅತ್ತೆಯವರ ಉಪ್ಪಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಪ್ರೀತಿಯಿಂದ ಆಗುವ ಈ ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತದೆ. ವರದಿಯಲ್ಲಿ ಸೋಡಿಯಂ 127 ಎಂದು ಬರೆದಿರುವುದು ಒಂದು ಲೀಟರ್‌ನಲ್ಲಿ ಎಷ್ಟಿದೆ ಎಂಬ ಸಾಂದ್ರತೆ. ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂಬುದನ್ನು ಅದು ಹೇಳುವುದಿಲ್ಲ. ಅವರ ಪಾದದ ಮೇಲೆ, ಮೂಳೆ ಇರುವ ಜಾಗದಲ್ಲಿ, ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡರೆ ಅಲ್ಲಿ ಉಪ್ಪು ಮತ್ತು ನೀರು ಎರಡೂ ಹೆಚ್ಚಾಗಿ ನಿಂತಿವೆ ಎಂದು ಅರ್ಥ. ಅಂದರೆ ಉಪ್ಪೂ ಹೆಚ್ಚಿದೆ, ನೀರು ಅದಕ್ಕಿಂತಲೂ ಹೆಚ್ಚಿದೆ. ಮೈಯಲ್ಲಿ ಉಳಿಯುವ ಪ್ರತಿ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು ಹಿಡಿದುಕೊಳ್ಳುತ್ತದೆ. ಅದು ಬಿಪಿಯನ್ನು ಏರಿಸುತ್ತದೆ, ಬಾಯಾರಿಕೆ ಹೆಚ್ಚಿಸುತ್ತದೆ, ಮತ್ತೆ ನೀರು ಕುಡಿಸುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ ಉಪ್ಪು ಇರಲಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಆ ಲೆಕ್ಕದಲ್ಲೇ ಬರುತ್ತವೆ. ಪಾದದ ಊತಕ್ಕೆ ಅಮ್ಲೋಡಿಪಿನ್ ಕೂಡ ಕಾರಣವಾಗಬಲ್ಲದು. ಅದನ್ನೂ ಡಾಕ್ಟರಿಗೆ ನೆನಪಿಸಿ.

ಇನ್ನು ಮುಂದಿನ ದಾರಿಗಳು. ನೀರನ್ನು ಒಂದೂವರೆ ಲೀಟರ್‌ಗೆ ಇಳಿಸುವುದೆಂದರೆ ಕಾಫಿ, ಮಜ್ಜಿಗೆ, ಕುಡಿಯುವ ಸಾರು ಎಲ್ಲ ಸೇರಿ ಅಷ್ಟು. ಬೆಳಿಗ್ಗೆ ಒಂದೂವರೆ ಲೀಟರ್ ನೀರನ್ನು ಒಂದು ಬಾಟಲಿಗೆ ತುಂಬಿಡಿ. ಅವರು ಒಂದು ಲೋಟ ಕಾಫಿ ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಹಾಕಿ. ಮೇಷ್ಟ್ರಾಗಿದ್ದವರು, ಲೆಕ್ಕ ಕಣ್ಣಿಗೆ ಕಂಡರೆ ಒಪ್ಪುತ್ತಾರೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲಿ. ಈ ಮಿತಿ ಸೋಡಿಯಂ ಸರಿಯಾಗುವವರೆಗೆ ಮಾತ್ರ, ಜೀವನಪರ್ಯಂತ ಅಲ್ಲ. ಆಮೇಲೆ ಬಾಯಾರಿದಾಗ ಕುಡಿದರೆ ಸಾಕು. ಜ್ವರ, ಭೇದಿ, ಬಿರುಬೇಸಿಗೆಯ ದಿನಗಳಲ್ಲಿ ಇದೇ ಮಿತಿಯನ್ನು ಕುರುಡಾಗಿ ಹಿಡಿದರೆ ಕಿಡ್ನಿಗೆ ರಕ್ತದ ಹರಿವು ಕುಗ್ಗಿ ಬೇರೆ ರೀತಿಯ ಪೆಟ್ಟು ಬೀಳುತ್ತದೆ.

"ಎಚ್" ಇರುವ ಮಾತ್ರೆ ಬದಲಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಅದನ್ನು ನೀವೇ ನಿಲ್ಲಿಸಿ ಸುಮ್ಮನಾಗಬೇಡಿ. ಬಿಪಿ ಏರಿದರೆ ಕಿಡ್ನಿಗೆ ಅದೇ ದೊಡ್ಡ ಶತ್ರು. ಡಾಕ್ಟರು ಬರೀ ಟೆಲ್ಮಿಸಾರ್ಟನ್ ಉಳಿಸಿ ಬೇರೆ ಮಾತ್ರೆ ಸೇರಿಸಬಹುದು. ಬದಲಿಸಿದ ಎರಡು ವಾರಗಳೊಳಗೆ ಬಿಪಿ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ. ಕ್ರಿಯಾಟಿನಿನ್ ಏರಿದೆ ಎಂದು ಹೆದರಿ ಟೆಲ್ಮಿಸಾರ್ಟನ್ ಅನ್ನು ತಾವೇ ಬಿಟ್ಟುಬಿಡುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಅದು ಕಿಡ್ನಿಯನ್ನು ಕಾಯುವ ಮಾತ್ರೆ. ಆರಂಭದಲ್ಲಿ ಕ್ರಿಯಾಟಿನಿನ್ ಶೇಕಡಾ 30ರವರೆಗೆ ಏರಿದರೂ ಸಾಮಾನ್ಯವಾಗಿ ನಾವು ಅದನ್ನು ಮುಂದುವರಿಸುತ್ತೇವೆ. ಬಿಡಬೇಕಾದದ್ದು ಡೈಕ್ಲೋಫೆನಾಕ್. ಟೆಲ್ಮಿಸಾರ್ಟನ್, "ಎಚ್"ನಂತಹ ನೀರಿಳಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿಗೆ ಹೋಗುವ ರಕ್ತದ ಒತ್ತಡವೇ ಕುಸಿಯುತ್ತದೆ. ಮಂಡಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ತೊಡೆಯ ಸ್ನಾಯುಗಳ ವ್ಯಾಯಾಮ ಸಾಕಾಗದಿದ್ದರೆ ಮೂಳೆ ತಜ್ಞರನ್ನು ಕೇಳಿ.

ಸೋಡಿಯಂ ಇನ್ನೂ ಇಳಿದರೆ ಅಥವಾ ಗೊಂದಲ ಶುರುವಾದರೆ ಆಸ್ಪತ್ರೆಯಲ್ಲಿ ಗಟ್ಟಿ ಉಪ್ಪಿನ ದ್ರಾವಣವನ್ನು ಡ್ರಿಪ್ ಮೂಲಕ ಕೊಡಬೇಕಾಗುತ್ತದೆ. ಆಗ "ಬೇಗ ಸರಿ ಮಾಡಿ" ಎಂದು ಒತ್ತಾಯಿಸಬೇಡಿ. ಇಳಿದು ದಿನಗಳಾದ ಸೋಡಿಯಂ ಅನ್ನು 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿಸಿದರೆ ಮಿದುಳಿನ ನರಗಳ ಕವಚ ಹಾಳಾಗಿ, ಮಾತು ಮತ್ತು ಕೈಕಾಲಿನ ಶಕ್ತಿ ಹೋಗಬಹುದು. ವೈದ್ಯರು ಅಲ್ಲಿ ನಿಧಾನ ಮಾಡುವುದು ಎಚ್ಚರಿಕೆಯಿಂದಲೇ.

ಒಂದು ಪರೀಕ್ಷೆಯ ಬಗ್ಗೆ ನೀವು ಬರೆದಿಲ್ಲ: ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಿಡ್ನಿಯ ಭವಿಷ್ಯ ಹೇಳುವುದು ಇದೇ. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ, ಸೋಡಿಯಂ ಸ್ಥಿರವಾದ ನಂತರ ಡಪಾಗ್ಲಿಫ್ಲೋಜಿನ್‌ನಂತಹ ಮಾತ್ರೆ ಅವರಿಗೆ ಹೊಂದುತ್ತದೆಯೇ ಎಂದು ಕೇಳಿ. ಕಿಡ್ನಿ ಸವೆಯುವುದನ್ನು ಅದು ನಿಧಾನಗೊಳಿಸುತ್ತದೆ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ, ಈಗ ಕಡಿಮೆ ಬೆಲೆಗೂ ಸಿಗುತ್ತದೆ. ಜನನಾಂಗದಲ್ಲಿ ಶಿಲೀಂಧ್ರದ ಸೋಂಕು, ಉಪವಾಸ ಮಾಡಿದಾಗ ರಕ್ತ ಆಮ್ಲೀಯವಾಗುವುದು ಅದರ ಅಪಾಯಗಳು. ಏಕಾದಶಿ ಉಪವಾಸ ಮಾಡುವವರಾದರೆ ಮೊದಲೇ ಹೇಳಿ. ಮತ್ತೊಬ್ಬರ ಅಭಿಪ್ರಾಯ ಬೇಕೆನಿಸಿದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ, ನಿಮ್ಮ ಮನೆಯಿಂದ ದೂರವೂ ಅಲ್ಲ.

ಕಾಶಿಗೆ ಹೋಗಬಹುದು. ಸೋಡಿಯಂ 132 ದಾಟಿ, ಮಾತ್ರೆ ಬದಲಿಸಿದ ನಂತರದ ಒಂದು ಪರೀಕ್ಷೆ ಸಮಾಧಾನಕರವಾಗಿದ್ದು, ತೂರಾಟ ನಿಂತಿದ್ದು, ನಿಮ್ಮ ಡಾಕ್ಟರೂ ಒಪ್ಪಿದರೆ ನಾನು ತಡೆಯುವುದಿಲ್ಲ. ರೈಲಿನಲ್ಲಿ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ಹಿರಿಯರು ನೀರನ್ನೇ ಬಿಟ್ಟುಬಿಡುತ್ತಾರೆ, ಹಾಗಾಗದಂತೆ ನೋಡಿಕೊಳ್ಳಿ. ಬಾಗಿಲ ಹತ್ತಿರದ ಕೆಳಗಿನ ಬರ್ತ್ ಸಿಕ್ಕರೆ ಒಳ್ಳೆಯದು. ಓಆರ್‌ಎಸ್ ಪೊಟ್ಟಣಗಳನ್ನು ಜೊತೆಗಿಡಿ. ವಾಂತಿ ಭೇದಿ ಶುರುವಾದರೆ ಬರೀ ನೀರು ಕುಡಿಸಬೇಡಿ, ಸೋಡಿಯಂ ಮತ್ತೆ ಇಳಿಯುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಆ ದಿನಗಳಲ್ಲಿ ಟೆಲ್ಮಿಸಾರ್ಟನ್, ಮೆಟ್ಫಾರ್ಮಿನ್, ಡಪಾಗ್ಲಿಫ್ಲೋಜಿನ್ ತಾತ್ಕಾಲಿಕವಾಗಿ ನಿಲ್ಲಬೇಕು. ಸರಿಯಾಗಿ ಊಟ ಮಾಡಲಾರಂಭಿಸಿ ಒಂದೆರಡು ದಿನವಾದ ಮೇಲೆ ಮತ್ತೆ ಶುರು ಮಾಡಬಹುದು. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂಬುದನ್ನು ಹೊರಡುವ ಮೊದಲೇ ಡಾಕ್ಟರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು, ಅತ್ತೆಯವರ ಕೈಚೀಲದಲ್ಲಿ ಒಂದು ಪ್ರತಿ ಇಡಿ.